ಉದ್ರಿ ಖಾತೆಯ ಭಾರ: ಅಯೋವಾದ ಒಂದು ಮುಖ್ಯಬೀದಿ ಅಂಗಡಿಯ ಪ್ರಕರಣ

ಈ ಪ್ರಕರಣದ ಅಂಗಡಿ ಇದ್ದದ್ದು ಅಮೆರಿಕದ ಅಯೋವಾ ರಾಜ್ಯದ ಒಂದು ಸಣ್ಣ ರೈಲು ಊರಿನಲ್ಲಿ. ಕಾಲ 1900ರ ಆಸುಪಾಸಿನಿಂದ 1920ರ ದಶಕದ ಕೊನೆಯವರೆಗೆ. ಊರು, ಅಂಗಡಿ, ಮನೆತನ ಯಾವುದರ ಹೆಸರನ್ನೂ ಕೊಟ್ಟಿಲ್ಲ. ಇದು ಯಾವುದೋ ಒಂದು ಅಂಗಡಿಯ ಕಡತದಿಂದ ಎತ್ತಿದ ಚರಿತ್ರೆಯೂ ಅಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು: ಆ ಕಾಲದ ಮಧ್ಯಪಶ್ಚಿಮದ ಅಂಗಡಿಕಾರರು ಮತ್ತೆ ಮತ್ತೆ ಎದುರಿಸಿದ ಸನ್ನಿವೇಶಗಳನ್ನೂ ಕೈಗೊಂಡ ತೀರ್ಮಾನಗಳನ್ನೂ ಒಂದೇ ಸೂರಿನಡಿ ತಂದು ಕಟ್ಟಿದ ಮಾದರಿ ಪ್ರಕರಣ ಇದು. ಅಂಚೆ, ಕಾನೂನು, ಕಂಪನಿ, ಮಾರುಕಟ್ಟೆ ದರಗಳಿಗೆ ಸಂಬಂಧಿಸಿದ ಇಸವಿ ಮತ್ತು ಅಂಕಿಗಳು ಇತಿಹಾಸದವು. ಅಂಗಡಿಯ ಒಳಗಿನ ಲೆಕ್ಕದ ಉದಾಹರಣೆಗಳು ವಿಷಯ ತಿಳಿಯಲೆಂದು ಹಾಕಿದವು.

ಮುಖ್ಯಬೀದಿಯ ಅಂಗಡಿಗಳ ಅವನತಿಯನ್ನು ವಿವರಿಸುವವರು ಸಾಮಾನ್ಯವಾಗಿ ಬೊಟ್ಟು ಮಾಡುವುದು ಬೆಲೆಪಟ್ಟಿಯ ಪುಸ್ತಕ ಹಂಚಿ ದೂರದಿಂದಲೇ ಸರಕು ಕಳಿಸುತ್ತಿದ್ದ ಷಿಕಾಗೋದ ಕ್ಯಾಟಲಾಗ್ ಕಂಪನಿಗಳತ್ತ, ಆಮೇಲೆ ಬಂದ, ಒಂದೇ ಕಂಪನಿ ಊರೂರಿನಲ್ಲಿ ನಡೆಸುವ ಸರಣಿ ಅಂಗಡಿಗಳತ್ತ. ಈ ಅಂಗಡಿಯ ಲೆಕ್ಕವನ್ನು ಒಳಗಿನಿಂದ ನೋಡಿದಾಗ ಮಾತ್ರ, ಹೊರಗಿನ ಪೈಪೋಟಿ ಬರುವ ಮೊದಲೇ ಗೋಡೆಯಲ್ಲಿ ಒಂದು ಬಿರುಕು ಇತ್ತೆಂದೂ ಪೈಪೋಟಿ ನುಗ್ಗಿದ್ದು ಆ ಬಿರುಕಿನ ಮೂಲಕವೇ ಎಂದೂ ಗೊತ್ತಾಗುತ್ತದೆ. ಎಲ್ಲರಿಗೂ ತೋರಿಸುತ್ತಿದ್ದ ಔದಾರ್ಯದ ಖರ್ಚನ್ನು ಅಂಗಡಿ ತನ್ನ ಒಳ್ಳೆಯ ಗಿರಾಕಿಗಳ ಮೇಲೆ ಹೊರಿಸುತ್ತಿತ್ತು. ಬೇರೆ ದಾರಿ ಸಿಕ್ಕಿದೊಡನೆ ಮೊದಲು ಎದ್ದು ಹೋದವರು ಅವರೇ.

ಹಿನ್ನೆಲೆ

ಊರು ಹುಟ್ಟಿದ್ದೇ ರೈಲಿನಿಂದ. ರೈಲು ಕಂಪನಿಗಳು ಹಳಿಯುದ್ದಕ್ಕೂ ಕೆಲವೇ ಮೈಲಿಗಳಿಗೊಂದರಂತೆ ನಿಲ್ದಾಣಗಳನ್ನಿಟ್ಟು, ಸುತ್ತಲಿನ ಜಾಗವನ್ನು ನಿವೇಶನಗಳಾಗಿ ಅಳೆದು ಮಾರಿದ್ದವು. ರೈತನೊಬ್ಬ ಬಂಡಿಯಲ್ಲಿ ಧಾನ್ಯ ಹೇರಿಕೊಂಡು ಬಂದು, ಇಳಿಸಿ, ಕತ್ತಲಾಗುವ ಮೊದಲು ಮನೆ ಸೇರಬಹುದಾದಷ್ಟು ದೂರ ಯಾವುದೋ ಅದೇ ಊರಿಗೂ ಊರಿಗೂ ನಡುವಿನ ಅಂತರವಾಗಿತ್ತು. ಬೀದಿಯ ಒಂದು ತುದಿಯಲ್ಲಿ ನಿಲ್ದಾಣ ಮತ್ತು ಧಾನ್ಯ ತುಂಬುವ ಎತ್ತರದ ಗೋಪುರ; ಅಲ್ಲಿಂದ ಮೇಲಕ್ಕೆ ಎರಡು ಅಂತಸ್ತಿನ ಇಟ್ಟಿಗೆ ಕಟ್ಟಡಗಳ ಸಾಲು. ಮೂಲೆಯಲ್ಲಿ ಬ್ಯಾಂಕು, ಅದರ ಪಕ್ಕ ಔಷಧದಂಗಡಿ ಮತ್ತು ಅದರೊಳಗಿನ ಸೋಡಾ ಕಟ್ಟೆ, ಕಬ್ಬಿಣದ ಸಾಮಾನಿನ ಅಂಗಡಿ, ಕ್ಷೌರದಂಗಡಿ, ಹೆಂಗಸರ ಟೋಪಿ ಹೊಲಿಯುವ ಅಂಗಡಿ, ಹಿಂಬದಿಯಲ್ಲಿ ಬಾಡಿಗೆ ಕುದುರೆಗಳ ಲಾಯ. ಕಟ್ಟಡಗಳ ಮುಂಭಾಗದ ಕಬ್ಬಿಣದ ಕಂಬಗಳೂ ಹೂಬಳ್ಳಿ ಒತ್ತಿದ ತಗಡಿನ ಅಲಂಕಾರವೂ ಆ ಕಾಲದ ಅನೇಕ ಊರುಗಳಲ್ಲಿ ಸೇಂಟ್ ಲೂಯಿಸ್‌ನ ಮೆಸ್ಕರ್ ಸಹೋದರರಿಂದಲೋ ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್‌ನ ಜಾರ್ಜ್ ಮೆಸ್ಕರ್ ಕಂಪನಿಯಿಂದಲೋ ಬಂದಂಥವು. ಅವನ್ನು ಅಂಗಡಿಕಾರರು ಆರಿಸುತ್ತಿದ್ದುದು ಆ ಕಂಪನಿಗಳ ಕ್ಯಾಟಲಾಗ್ ನೋಡಿ. ತುಂಡುತುಂಡಾಗಿ ಅವು ಬರುತ್ತಿದ್ದುದು ರೈಲಿನಲ್ಲಿ. ಈ ಸಂಗತಿ ಮುಂದೆ ಮತ್ತೊಮ್ಮೆ ಬರುತ್ತದೆ.

ನಮ್ಮ ಪ್ರಕರಣದ ಅಂಗಡಿಯಲ್ಲಿ ಎಡಗೋಡೆಗೆ ಜವಳಿ, ಬಲಗೋಡೆಗೆ ದಿನಸಿ, ಹಿಂದೆ ಸೀಮೆಎಣ್ಣೆ, ಕಾಕಂಬಿ ಮತ್ತು ಮೊಳೆ, ನಡುವೆ ಚಳಿಗಾಲದ ಒಲೆ. ಸರಕೆಲ್ಲ ಕಟ್ಟೆಯ ಹಿಂದಿರುತ್ತಿತ್ತು. ಗಿರಾಕಿ ಕೇಳಬೇಕು, ಗುಮಾಸ್ತ ತೆಗೆದು ತೂಗಿ ಕಟ್ಟಿಕೊಡಬೇಕು. 1898ರಲ್ಲಿ ನ್ಯಾಷನಲ್ ಬಿಸ್ಕಿಟ್ ಕಂಪನಿ ಮೇಣದ ಕಾಗದ ಸುತ್ತಿದ ಪೊಟ್ಟಣದಲ್ಲಿ ಯುನೀಡಾ ಬಿಸ್ಕತ್ತನ್ನು ತರುವವರೆಗೂ ಬಿಸ್ಕತ್ತು ಸಹ ಪೀಪಾಯಿಯಿಂದ ಕೈಯಲ್ಲಿ ಬಾಚಿ ಕೊಡುವ ಸರಕೇ ಆಗಿತ್ತು.

ಜವಳಿಯ ಚೀಟಿಗಳ ಮೇಲೆ ಬೆಲೆಯ ಬದಲು ಎರಡು ಮೂರು ಅಕ್ಷರಗಳಿರುತ್ತಿದ್ದವು. ಒಂದೂ ಅಕ್ಷರ ಮರುಕಳಿಸದ, ಹತ್ತಕ್ಷರದ ಒಂದು ಇಂಗ್ಲಿಷ್ ಪದವನ್ನು ಪ್ರತಿ ಅಂಗಡಿಯೂ ಗುಟ್ಟಾಗಿ ಆರಿಸಿಕೊಳ್ಳುತ್ತಿತ್ತು. 'ಬ್ಲ್ಯಾಕ್ ಹಾರ್ಸ್' ಎಂಬುದನ್ನು ಕೂಡಿಸಿ ಬರೆದರೆ ಅಂಥದ್ದೊಂದು ಪದವಾಗುತ್ತದೆ: ಬಿ ಎಂದರೆ 1, ಎಲ್ ಎಂದರೆ 2, ಹೀಗೆ ಸಾಗಿ ಕೆ ಎಂದರೆ 5, ಎಚ್ ಎಂದರೆ 6, ಕೊನೆಯ ಇ ಎಂದರೆ ಸೊನ್ನೆ. ಚೀಟಿಯಲ್ಲಿ ಎಚ್, ಕೆ ಎಂದಿದ್ದರೆ ಆ ಬಟ್ಟೆಯ ಅಸಲು 65 ಸೆಂಟ್. ಗುಮಾಸ್ತ ಚೀಟಿಯನ್ನು ಹೆಬ್ಬೆರಳಿನಿಂದ ತಿರುಗಿಸಿ ಒಮ್ಮೆ ನೋಡಿ, ಎದುರು ನಿಂತವರ ಬೂಟು, ಕೈಯಲ್ಲಿನ ಮೊಟ್ಟೆಬುಟ್ಟಿ, ಮುಖದ ಆತುರ ಇಷ್ಟನ್ನೂ ಅಳೆದು ಬೆಲೆ ಹೇಳುತ್ತಿದ್ದ. ಚೌಕಾಸಿ ಬಲ್ಲವರಿಗೆ ಒಂದು ದರ, ನಾಚಿಕೆಯವರಿಗೆ ಇನ್ನೊಂದು.

ಹಣದ ಓಡಾಟ ವರ್ಷಕ್ಕೊಮ್ಮೆ. ವಸಂತದಲ್ಲಿ ಬಿತ್ತನೆಯ ಹೊತ್ತಿಗೆ ರೈತನ ಕೈ ಬರಿದು; ಮೆಕ್ಕೆಜೋಳ ಮಾರಿ ಇಲ್ಲವೆ ಅದನ್ನು ತಿನ್ನಿಸಿ ಕೊಬ್ಬಿಸಿದ ಹಂದಿಗಳನ್ನು ಮಾರಿ ಅವನು ಬಾಕಿ ತೀರಿಸುತ್ತಿದ್ದದ್ದು ಸುಗ್ಗಿಯ ನಂತರ. ಅಲ್ಲಿಯವರೆಗೆ ಎಲ್ಲವೂ ಕಿರ್ದಿಯಲ್ಲಿ ಒಂದು ಸಾಲು, ಆಮೇಲೆ ಖಾತೆಯಲ್ಲಿ ಒಂದು ಸಾಲು. ನಡುವೆ ರೈತನ ಹೆಂಡತಿ ತರುವ ಬೆಣ್ಣೆ, ಮೊಟ್ಟೆಗಳು ಜಮಾ ಕಡೆಗೆ ಬೀಳುತ್ತಿದ್ದವು. ಉದ್ರಿಗೆ ಬಡ್ಡಿ ಬರೆಯುವುದು ಊರಿನಲ್ಲಿ ಮರ್ಯಾದೆಯಲ್ಲ. ಆದ್ದರಿಂದ ಬಡ್ಡಿಯೂ, ಮುಳುಗಲಿರುವ ಬಾಕಿಯೂ, ಲೆಕ್ಕ ಬರೆಯುವವರ ಸಂಬಳವೂ ಸರಕಿನ ಬೆಲೆಯೊಳಗೇ ಅಡಗಿ ಕುಳಿತಿದ್ದವು.

ಸಮಸ್ಯೆ

ಮಾಂಟ್ಗೊಮರಿ ವಾರ್ಡ್ ಕಂಪನಿ 1872ರಿಂದಲೂ, ಸಿಯರ್ಸ್ ರೋಬಕ್ 1890ರ ದಶಕದಿಂದಲೂ ಷಿಕಾಗೋದಲ್ಲಿ ಕುಳಿತು ರೈತರಿಗೆ ಸರಕು ಕಳಿಸುತ್ತಿದ್ದವು. ಆದರೆ ಅವುಗಳ ಪುಸ್ತಕ ರೈತನ ಅಡುಗೆಮನೆಯ ಮೇಜಿಗೆ ಸಲೀಸಾಗಿ ಬರತೊಡಗಿದ್ದು ಸರ್ಕಾರದ ಒಂದು ತೀರ್ಮಾನದಿಂದ. 1896ರಲ್ಲಿ ಪ್ರಯೋಗವಾಗಿ ಆರಂಭವಾಗಿ 1902ರಲ್ಲಿ ಕಾಯಂ ಆದ ಗ್ರಾಮೀಣ ಉಚಿತ ಬಟವಾಡೆಯಿಂದ ಅಂಚೆಯವನು ಹೊಲದ ಬೇಲಿಯವರೆಗೆ ಬರತೊಡಗಿದ. ಅದಕ್ಕೆ ಮೊದಲು ಕಾಗದ ತರಲು ರೈತ ಊರಿಗೆ ಬರಲೇಬೇಕಿತ್ತು, ಬಂದವನು ಅಂಗಡಿಗೂ ಕಾಲಿಡುತ್ತಿದ್ದ; ಎಷ್ಟೋ ಕಡೆ ಅಂಗಡಿಯ ಮೂಲೆಯೇ ಅಂಚೆ ಕಚೇರಿ, ಅಂಗಡಿಕಾರನೇ ಪೋಸ್ಟ್‌ಮಾಸ್ಟರ್. 1901ರಲ್ಲಿ ದೇಶದಲ್ಲಿ ಸುಮಾರು 77 ಸಾವಿರ ಅಂಚೆ ಕಚೇರಿಗಳಿದ್ದವು; ಅಲ್ಲಿಂದ ಮುಂದೆ ಆ ಸಂಖ್ಯೆ ಇಳಿಯುತ್ತಲೇ ಹೋಯಿತು.

ಯಜಮಾನನ ಕಣ್ಣಿಗೆ ಕಂಡದ್ದು ಬೆಲೆ ಮಾತ್ರ. ಕ್ಯಾಟಲಾಗಿನಲ್ಲಿ ಒಂದು ಡಾಲರಿಗೆ ಸಿಗುವ ಅಂಗಿ ತನ್ನಲ್ಲಿ ಒಂದು ಡಾಲರ್ ಹತ್ತು ಸೆಂಟ್ ಆಗಿದ್ದರೆ, ಆ ಕಂಪನಿ ಸಾವಿರಗಟ್ಟಲೆ ಕೊಳ್ಳುವುದರಿಂದ ಅಗ್ಗಕ್ಕೆ ಕೊಡುತ್ತದೆ, ತಾನೇನು ಮಾಡಲಿಕ್ಕಾಗುತ್ತದೆ ಎಂಬುದು ಅವನ ವಾದ. ಆ ಹತ್ತು ಸೆಂಟಿನಲ್ಲಿ ಸಗಟಿನ ವ್ಯತ್ಯಾಸ ಎಷ್ಟು, ಬೇರೆಯವರ ಆರು ತಿಂಗಳ ಉದ್ರಿಯ ಬೆಲೆ ಎಷ್ಟು ಎಂದು ಅವನು ಬಿಡಿಸಿ ನೋಡಿರಲಿಲ್ಲ.

ನೋಡಿದ್ದರೆ ಇನ್ನೊಂದು ಸೋರಿಕೆಯೂ ಕಾಣುತ್ತಿತ್ತು. ಸಗಟು ವ್ಯಾಪಾರಿಗಳ ಬಿಲ್ಲುಗಳಲ್ಲಿ ಸಾಮಾನ್ಯವಾಗಿದ್ದ ಷರತ್ತು, ಹತ್ತು ದಿನದೊಳಗೆ ಕೊಟ್ಟರೆ ಶೇ. 2 ರಿಯಾಯಿತಿ, ಇಲ್ಲವಾದರೆ ಮೂವತ್ತನೆಯ ದಿನಕ್ಕೆ ಪೂರ್ತಿ ಹಣ. ನೂರು ಡಾಲರಿನ ಬಿಲ್ಲಿಗೆ ಎರಡು ಡಾಲರ್ ಎಂದರೆ ಸಣ್ಣದೆನಿಸುತ್ತದೆ. ಆದರೆ ಅದು ಇಪ್ಪತ್ತು ದಿನದ ಗಡುವಿಗೆ ತೆತ್ತ ಬೆಲೆ, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 36ಕ್ಕೂ ಹೆಚ್ಚಿನ ಬಡ್ಡಿ. ತನ್ನ ದುಡ್ಡೆಲ್ಲ ರೈತರ ಖಾತೆಗಳಲ್ಲಿ ಸಿಕ್ಕಿಕೊಂಡಿದ್ದ ಯಜಮಾನನಿಗೆ ಆ ರಿಯಾಯಿತಿ ಬೇಸಿಗೆಯುದ್ದಕ್ಕೂ ಕೈಗೆ ಸಿಗುತ್ತಿರಲಿಲ್ಲ. ಬಡ್ಡಿಯಿಲ್ಲದೆ ಸಾಲ ಕೊಡುತ್ತಿದ್ದವನು ದುಬಾರಿ ಬಡ್ಡಿಗೆ ಸಾಲ ತರುತ್ತಿದ್ದ.

ಬೆಣ್ಣೆಯ ಪೀಪಾಯಿಯಲ್ಲೂ ಇದೇ ಕಥೆ. ಒಬ್ಬಾಕೆ ತಂದ ಬೆಣ್ಣೆ ತಣ್ಣಗೆ, ಗಟ್ಟಿಯಾಗಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಉಪ್ಪು ಹದವಾಗಿರುತ್ತಿತ್ತು. ಇನ್ನೊಬ್ಬಾಕೆಯದು ಮಜ್ಜಿಗೆ ಹಿಂಡದೆ ಉಳಿದು, ಮೂರು ಬಗೆಯ ಬಣ್ಣವಾಗಿ, ಮುಗ್ಗು ವಾಸನೆ ಹೊಡೆಯುತ್ತಿತ್ತು. ಇಬ್ಬರಿಗೂ ಪೌಂಡಿಗೆ ಒಂದೇ ದರ. ಎರಡನೆಯವಳಿಗೆ ಎರಡು ಸೆಂಟ್ ಕಡಿಮೆ ಕೊಟ್ಟರೆ ಅವಳಷ್ಟೇ ಅಲ್ಲ, ಅವಳ ಅತ್ತೆ, ಓರಗಿತ್ತಿ, ಇಗರ್ಜಿಯಲ್ಲಿ ಪಕ್ಕ ಕೂರುವವಳು ಎಲ್ಲರೂ ಎದುರಿನ ಅಂಗಡಿಗೆ ಹೋದರೆಂದೇ ಲೆಕ್ಕ. ಆದ್ದರಿಂದ ಎರಡೂ ಬೆಣ್ಣೆ ಹಿಂಬಾಗಿಲ ಬಳಿಯ ಒಂದೇ ಪೀಪಾಯಿಗೆ ಹೋಗುತ್ತಿತ್ತು, ಅಲ್ಲಿಂದ ಪಟ್ಟಣದ ಖರೀದಿದಾರನಿಗೆ ಕೀಳು ದರ್ಜೆಯ ಸರಕಾಗಿ ಹೊರಡುತ್ತಿತ್ತು. ಒಳ್ಳೆಯ ಬೆಣ್ಣೆ ಮಾಡುವವರು ಒಂದೆರಡು ವರ್ಷ ನೋಡಿ, ಆಮೇಲೆ ಊರಿನ ಡಾಕ್ಟರ ಮನೆಗೆ, ಬ್ಯಾಂಕಿನವರ ಮನೆಗೆ ನೇರವಾಗಿ ಮಾರತೊಡಗಿದರು. ಪೀಪಾಯಿಯಲ್ಲಿ ಉಳಿದದ್ದು ಕೆಟ್ಟ ಬೆಣ್ಣೆ. ಯಜಮಾನ ಇದನ್ನು ವರ್ಷಗಟ್ಟಲೆ ಕಣ್ಣಾರೆ ಕಂಡೂ, ತನ್ನ ಉದ್ರಿ ಖಾತೆಯಲ್ಲಿ ಆಗುತ್ತಿದ್ದುದೂ ಅದೇ ಎಂದು ಹೊಳೆಯದೇ ಹೋದದ್ದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಕುತೂಹಲದ ಸಂಗತಿ.

ಮೊದಲ ಯತ್ನಗಳು

ವರ್ತಕರ ಸಂಘದ ಮೊದಲ ಉತ್ತರ ಸಿಟ್ಟಿನದು. ಆ ಕಾಲದ ಹಲವು ಊರುಗಳಂತೆ ಇಲ್ಲಿಯೂ ಕ್ಯಾಟಲಾಗ್ ತಂದುಕೊಟ್ಟ ಮಕ್ಕಳಿಗೆ ಚಲನಚಿತ್ರದ ಟಿಕೆಟ್ ಕೊಟ್ಟು, ಶನಿವಾರ ಸಂಜೆ ಅವನ್ನು ಬೀದಿಯ ನಡುವೆ ರಾಶಿ ಹಾಕಿ ಸುಡಲಾಯಿತು. ಕಾರ್ಯಕ್ರಮ ಮುಗಿದು ಬೂದಿ ಉಳಿಯಿತೇ ಹೊರತು ಇನ್ನೇನೂ ಬದಲಾಗಲಿಲ್ಲ, ಏಕೆಂದರೆ ಒಂದು ಸೆಂಟಿನ ಅಂಚೆ ಕಾರ್ಡು ಬರೆದರೆ ಹೊಸ ಪುಸ್ತಕ ಬರುತ್ತಿತ್ತು. ಆದ ನಷ್ಟವೇ ಬೇರೆ. ಗಾಡಿಯ ಮೇಲೆ ಕುಳಿತು ಬೆಂಕಿ ನೋಡುತ್ತಿದ್ದ ರೈತ ಕುಟುಂಬಗಳಿಗೆ, ಸುಡುತ್ತಿರುವುದು ತಮ್ಮ ತೀರ್ಮಾನವನ್ನೇ ಎಂದು ಅರ್ಥವಾಗಿತ್ತು. ಬೆಂಕಿಯ ಬೆಳಕು ಬಿದ್ದ ಕಟ್ಟಡಗಳ ಮುಂಭಾಗವೂ ಕ್ಯಾಟಲಾಗಿನಿಂದಲೇ ಬಂದದ್ದೆಂದು ವರ್ತಕರು ಯಾರೂ ಎತ್ತಿ ಆಡಿದಂತಿಲ್ಲ. ಅಂಗಡಿಕಾರರ ಮುನಿಸಿಗೆ ಗಿರಾಕಿಗಳು ಅಂಜುತ್ತಾರೆಂದು ಅರಿತಿದ್ದ ಷಿಕಾಗೋದ ಕಂಪನಿಗಳು ಹೊರಗೆ ತಮ್ಮ ಹೆಸರಿಲ್ಲದ ಪೆಟ್ಟಿಗೆಗಳಲ್ಲಿ ಸರಕು ಕಳಿಸುತ್ತಿದ್ದವು. ನಿಮ್ಮ ಭಾಷೆ ಯಾವುದೇ ಇರಲಿ, ಅದರಲ್ಲೇ ಬರೆಯಿರಿ ಎಂದೂ ಸಿಯರ್ಸ್ ಗಿರಾಕಿಗಳಿಗೆ ಹೇಳುತ್ತಿತ್ತು. ಇಂಗ್ಲಿಷ್ ತಡವರಿಸುವ ಜರ್ಮನ್, ನಾರ್ವೇಜಿಯನ್ ವಲಸಿಗನಿಗೆ ಗುಮಾಸ್ತನ ಎದುರು ಚೌಕಾಸಿ ಮಾಡುವುದಕ್ಕಿಂತ ಅದು ಹಗುರ. ದಕ್ಷಿಣದ ರಾಜ್ಯಗಳಲ್ಲಿ, ಕಟ್ಟೆಯ ಮುಂದೆ ಬಿಳಿಯರೆಲ್ಲ ಮುಗಿಯುವವರೆಗೆ ಕಾಯಬೇಕಿದ್ದ ಕರಿಯ ಗಿರಾಕಿಗಳಿಗಂತೂ ಮುಖ ಕೇಳದ ಆ ಪುಸ್ತಕದ ಅರ್ಥವೇ ಬೇರೆಯಾಗಿತ್ತು. ಅಚ್ಚಾದ ಬೆಲೆ ಎಲ್ಲರಿಗೂ ಒಂದೇ ಎಂಬುದು ಅಗ್ಗದ ಬೆಲೆಗಿಂತ ದೊಡ್ಡ ಆಕರ್ಷಣೆಯಾಗಿದ್ದಿರಬಹುದು.

ಎರಡನೆಯ ಯತ್ನ ವರ್ತಕರದಲ್ಲ, ಅವರ ಹೆಂಡಂದಿರದು. ಶನಿವಾರ ಊರಿಗೆ ಬಂದ ರೈತನಿಗೆ ಕೂರಲು ಕ್ಷೌರದಂಗಡಿ, ಲಾಯ, ಸಾರಾಯಿ ಅಂಗಡಿ ಇದ್ದವು. ಜೊತೆಗೆ ಬಂದ ಹೆಂಗಸು, ಮಡಿಲಲ್ಲಿ ಕೂಸಿಟ್ಟುಕೊಂಡು, ಗಾಡಿಯಲ್ಲೋ ಅಂಗಡಿಯ ಹಿಂದಿನ ಸ್ಟೂಲಿನ ಮೇಲೋ ಗಂಟೆಗಟ್ಟಲೆ ಕಾಯಬೇಕಿತ್ತು. ಕೈಕಾಲು ತೊಳೆಯಲು, ಕೂಸಿಗೆ ಹಾಲೂಡಿಸಲು ಜಾಗವಿರಲಿಲ್ಲ. ಮಧ್ಯಪಶ್ಚಿಮದ ಅನೇಕ ಊರುಗಳಲ್ಲಿ ಆ ವರ್ಷಗಳಲ್ಲಿ ಹೆಂಗಸರ ವಿಶ್ರಾಂತಿ ಕೋಣೆಗಳು ತೆರೆದದ್ದು ಈ ಕಾರಣಕ್ಕೆ. ಇಲ್ಲಿಯೂ ಖಾಲಿ ಬಿದ್ದಿದ್ದ ಒಂದು ಮಳಿಗೆಯಲ್ಲಿ ತೂಗುಕುರ್ಚಿಗಳು, ಒಂದು ಮಂಚ, ನೀರಿನ ತೊಟ್ಟಿ, ಶೌಚಾಲಯ, ಒಂದು ಒಲೆ ಬಂದವು. ಖರ್ಚು ಅಲ್ಪ. ಆದರೆ ಊರಿನಲ್ಲಿ ಎರಡು ಗಂಟೆ ಹೆಚ್ಚು ನಿಲ್ಲಬಲ್ಲ ಹೆಂಗಸು ಜವಳಿಯ ಕಟ್ಟೆಯ ಮುಂದೆ ನಿಧಾನವಾಗಿ ನಿಲ್ಲುತ್ತಿದ್ದಳು; ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡುವ ಅನುಕೂಲವನ್ನು ಯಾವ ಕ್ಯಾಟಲಾಗೂ ಕೊಡಲಾರದಾಗಿತ್ತು. ಆ ದಶಕದಲ್ಲಿ ಈ ಬೀದಿ ಮಾಡಿದ ಕೆಲಸಗಳಲ್ಲಿ ಪೂರ್ತಿ ಫಲಿಸಿದ್ದು ಇದೊಂದೇ ಎಂದು ನಾನು ಎಣಿಸುತ್ತೇನೆ.

ಪಾರ್ಸೆಲ್ ಅಂಚೆ ಮತ್ತು ಒಂದು ಪಟ್ಟಿ

1913ರ ಜನವರಿ 1ರವರೆಗೆ ಅಮೆರಿಕದ ಅಂಚೆ ನಾಲ್ಕು ಪೌಂಡಿಗಿಂತ ಭಾರದ ಸರಕನ್ನು ಮುಟ್ಟುತ್ತಿರಲಿಲ್ಲ. ಅದಕ್ಕಿಂತ ದೊಡ್ಡದು ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳ ಮೂಲಕ ರೈಲು ನಿಲ್ದಾಣಕ್ಕೆ ಬರಬೇಕು, ರೈತ ಬಂದು ಒಯ್ಯಬೇಕು. ಆ ದಿನ ಆರಂಭವಾದ ಪಾರ್ಸೆಲ್ ಅಂಚೆ 11 ಪೌಂಡ್‌ವರೆಗಿನ ಪೊಟ್ಟಣವನ್ನು ಬೇಲಿಯವರೆಗೆ ತಂದುಕೊಟ್ಟಿತು. ಒಂದು ವರ್ಷ ಕಳೆಯುವಷ್ಟರಲ್ಲಿ ಹತ್ತಿರದ ವಲಯಗಳಿಗೆ ಮಿತಿ 50 ಪೌಂಡಿಗೆ ಏರಿತು. ಸಣ್ಣ ಊರುಗಳ ವರ್ತಕರು ಈ ಕಾನೂನನ್ನು ವರ್ಷಗಟ್ಟಲೆ ವಿರೋಧಿಸಿದ್ದರು, ನಮ್ಮ ಯಜಮಾನನೂ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಹೋದ ಮನವಿಗೆ ಸಹಿ ಹಾಕಿದ್ದ.

ತಿರುವು ಬಂದದ್ದು ಆ ವರ್ಷದ ಕೊನೆಯ ಲೆಕ್ಕಾಚಾರದಲ್ಲಿ. ಖಾತೆ ಬರೆಯುತ್ತಿದ್ದವಳು ಯಜಮಾನನ ಹೆಂಡತಿ. ಯಾವ ಮನೆಯ ಖರೀದಿ ಹಿಂದಿನ ವರ್ಷಕ್ಕಿಂತ ಇಳಿದಿದೆ ಎಂದು ಅವಳು ಒಂದು ಪಟ್ಟಿ ಮಾಡಿದಳು. ಕೆಟ್ಟ ಬಾಕಿದಾರರು ಪಟ್ಟಿಯಲ್ಲಿ ಹೆಚ್ಚಿರಬಹುದೆಂದು ಯಜಮಾನ ನಿರೀಕ್ಷಿಸಿದ್ದ. ಹಾಗಾಗಿದ್ದರೆ ಒಳ್ಳೆಯದೇ ಆಯಿತೆನ್ನಬಹುದಿತ್ತು. ಪಟ್ಟಿಯಲ್ಲಿ ಇದ್ದವರು ಬಹುತೇಕ ಸುಗ್ಗಿಯಾದೊಡನೆ ಬಂದು ಬಾಕಿ ಚುಕ್ತಾ ಮಾಡುವವರು, ಕೆಲವರು ಎಂದೂ ಉದ್ರಿ ಬರೆಸದವರು. ಷಿಕಾಗೋಗೆ ಆರ್ಡರಿನ ಜೊತೆ ಹಣ ಕಳಿಸಲು ಅಂಥವರಿಗೆ ಮಾತ್ರ ಸಾಧ್ಯವಿತ್ತು. ಹಣವಿಲ್ಲದವರು ಅಂಗಡಿಯಲ್ಲೇ ಉಳಿದಿದ್ದರು, ಏಕೆಂದರೆ ಅವರಿಗೆ ಬೇರೆ ಗತಿಯಿರಲಿಲ್ಲ. ಒಳ್ಳೆಯವರು ಹೋದಷ್ಟೂ ಉಳಿದವರ ಉದ್ರಿಯ ಭಾರವನ್ನು ಇನ್ನೂ ಕಡಿಮೆ ಜನರ ಮೇಲೆ ಹೊರಿಸಬೇಕು, ಬೆಲೆ ಇನ್ನಷ್ಟು ಏರಬೇಕು, ಆಗ ಇನ್ನಷ್ಟು ಒಳ್ಳೆಯವರು ಹೋಗಬೇಕು. ಹಿಂಬಾಗಿಲ ಬೆಣ್ಣೆಯ ಪೀಪಾಯಿ ಮುಂಬಾಗಿಲಿಗೂ ಬಂದಿತ್ತು.

ಅಷ್ಟರಲ್ಲಿ ಬೆಣ್ಣೆಯ ಸಮಸ್ಯೆಯನ್ನು ಬೇರೆ ಯಾರೋ ಬಿಡಿಸಿದ್ದರು. ವಿಸ್ಕಾನ್ಸಿನ್‌ನ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ಹಾಲು ಕೆನೆಗಳಲ್ಲಿನ ಕೊಬ್ಬನ್ನು ಸಣ್ಣ ಗಾಜಿನ ಸೀಸೆಯೊಂದರಲ್ಲಿ ಅಳೆಯಬಹುದಾಯಿತು. ಬೆಣ್ಣೆ ಕಾರ್ಖಾನೆಗಳು ಕೆನೆ ಕೊಂಡು, ಕೊಬ್ಬಿಗೆ ತಕ್ಕಂತೆ ಚೆಕ್ ಕೊಡತೊಡಗಿದವು. ಯಾರ ಮುಖವನ್ನೂ ನೋಡದ ಸೀಸೆಯ ಗೆರೆ ಹೇಳಿದ ಮಾತಿಗೆ ಯಾವ ಓರಗಿತ್ತಿಯೂ ಮುನಿಸಿಕೊಳ್ಳಲಾರಳು. ಅದಕ್ಕಿಂತಲೂ ಮುಖ್ಯವಾಗಿ, ವರ್ಷಕ್ಕೊಮ್ಮೆ ಹಣ ಕಾಣುತ್ತಿದ್ದ ಮನೆಗಳಿಗೆ ಕೆನೆಯ ಚೆಕ್ ತಿಂಗಳು ತಿಂಗಳೂ ನಗದು ತಂದಿತು.

ನಗದು ಅಂಗಡಿ: ಒಂದು ಸೋಲು, ಒಂದು ಅರೆಗೆಲುವು

ವ್ಯೋಮಿಂಗ್ ರಾಜ್ಯದ ಕೆಮ್ಮರರ್ ಎಂಬ ಕಲ್ಲಿದ್ದಲು ಊರಿನಲ್ಲಿ ಜೇಮ್ಸ್ ಕ್ಯಾಶ್ ಪೆನ್ನಿ 1902ರ ಏಪ್ರಿಲ್‌ನಲ್ಲಿ ತೆರೆದ ಜವಳಿ ಅಂಗಡಿ, ಉದ್ರಿಯೇ ರೂಢಿಯಾಗಿದ್ದ ಕಡೆ ನಗದಿಗೆ ಮಾತ್ರ ಮಾರಿ ಬೆಳೆದಿತ್ತು. ಎ ಅಂಡ್ ಪಿ ಎಂಬ ದಿನಸಿ ಸರಣಿ ಕಂಪನಿ 1912ರಲ್ಲಿ ಉದ್ರಿಯಿಲ್ಲದ, ಮನೆಗೆ ಮುಟ್ಟಿಸುವ ಸೇವೆಯೂ ಇಲ್ಲದ ಅಗ್ಗದ ದಿನಸಿ ಅಂಗಡಿಗಳನ್ನು ಆರಂಭಿಸಿತ್ತು. ವರ್ತಕರ ಪತ್ರಿಕೆಗಳಲ್ಲಿ ನಗದು ಪದ್ಧತಿಯ ಗುಣಗಾನ ನಡೆಯುತ್ತಿತ್ತು. ಯಜಮಾನ 1914ರ ವಸಂತದಲ್ಲಿ ಬಾಗಿಲಿಗೆ ಫಲಕ ಹಾಕಿಸಿದ: ಇಂದಿನಿಂದ ಉದ್ರಿಯಿಲ್ಲ, ಎಲ್ಲರಿಗೂ ಒಂದೇ ಬೆಲೆ.

ಎರಡು ತಿಂಗಳಲ್ಲಿ ಫಲಕ ಇಳಿಯಿತು. ಗಣಿ ಕಾರ್ಮಿಕನಿಗೆ ಕೂಲಿ ವರ್ಷವಿಡೀ ಬರುತ್ತದೆ, ರೈತನಿಗೆ ಬಿತ್ತನೆಯ ಹೊತ್ತಿನಲ್ಲಿ ಬರುವುದು ಖರ್ಚು ಮಾತ್ರ ಎಂಬ ವ್ಯತ್ಯಾಸವನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಕೆಮ್ಮರರ್‌ನ ಮದ್ದನ್ನು ಅಯೋವಾದ ರೋಗಕ್ಕೆ ಕೊಟ್ಟಿದ್ದ. ಹಳೆಯ ಬಾಕಿಯಿದ್ದವರು ಎದುರಿನ ಅಂಗಡಿಗೆ ಹೋದರು, ಹೋದವರು ಹಳೆಯ ಬಾಕಿ ತೀರಿಸಲೂ ಮುಖ ತೋರಿಸಲಿಲ್ಲ. ಉದ್ರಿ ನಿಲ್ಲಿಸಿದರೆ ಮುಂದಿನ ಉದ್ರಿ ಮಾತ್ರ ನಿಲ್ಲುವುದಿಲ್ಲ, ಹಿಂದಿನ ವಸೂಲಿಯೂ ನಿಲ್ಲುತ್ತದೆ ಎಂಬುದು ಪತ್ರಿಕೆಯ ಲೇಖನಗಳಲ್ಲಿ ಇರಲಿಲ್ಲ.

ಎರಡನೆಯ ಸಲ ದಂಪತಿಗಳು ತಾಳ್ಮೆಯಿಂದ ಕೆಲಸ ಮಾಡಿದರು. ಅವರು ಉದ್ರಿಯನ್ನು ನಿಲ್ಲಿಸಲಿಲ್ಲ. ಸರಕಿನ ಬೆಲೆಯಿಂದ ಅದನ್ನು ಬೇರ್ಪಡಿಸಿದರು. ಎಲ್ಲ ಚೀಟಿಗಳ ಮೇಲೂ ಗುಟ್ಟಿನ ಅಕ್ಷರಗಳ ಬದಲು ಅಂಕಿಯಲ್ಲಿ ನಗದು ಬೆಲೆ ಬಂತು. ಉದ್ರಿ ಬೇಕಾದವರು ಒಂದು ಪ್ರೋನೋಟಿಗೆ ಸಹಿ ಹಾಕಿ, ಅಷ್ಟು ಮೊತ್ತದ ಕೂಪನ್ ಪುಸ್ತಕ ಪಡೆಯಬೇಕು. ನೋಟಿನ ಮೇಲೆ ಬಡ್ಡಿ ಬರೆದಿರುತ್ತದೆ. ಕೂಪನ್ ಹರಿದು ಕೊಟ್ಟರೆ ಅದು ನಗದಿಗೆ ಸಮ. ಈ ಕೂಪನ್ ಪುಸ್ತಕಗಳು ಆಗ ಅಂಗಡಿಗಳಿಗಾಗಿಯೇ ಅಚ್ಚಾಗಿ ಮಾರಾಟಕ್ಕಿದ್ದವು, ಹೊಸ ಶೋಧವೇನಲ್ಲ. ಹೊಸದಾಗಿದ್ದದ್ದು ಅನುಕ್ರಮ: ಬದಲಾವಣೆ ಸುಗ್ಗಿಯ ನಂತರ, ಜನರ ಕೈಯಲ್ಲಿ ಹಣವಿದ್ದಾಗ, ಹಳೆಯ ಖಾತೆ ಚುಕ್ತಾ ಆದವರಿಂದ ಆರಂಭವಾಯಿತು. ಕೆನೆಯ ಚೆಕ್ಕನ್ನು ಅಂಗಡಿಯಲ್ಲೇ ನಗದು ಮಾಡಿಕೊಡುವ ಅನುಕೂಲವೂ ಸೇರಿತು.

ಶತ್ರುವೆಂದು ಕಂಡಿದ್ದ ಪಾರ್ಸೆಲ್ ಅಂಚೆಯನ್ನೂ ಅವರು ಬಳಸಿಕೊಂಡರು. ಸ್ಥಳೀಯ ದರ ಮೊದಲ ಪೌಂಡಿಗೆ 5 ಸೆಂಟ್, ಆಮೇಲೆ ಪೌಂಡಿಗೆ 1 ಸೆಂಟ್. ಎಂದರೆ 11 ಪೌಂಡಿನ ಪೊಟ್ಟಣ 15 ಸೆಂಟಿಗೆ ರೈತನ ಬೇಲಿಗೆ ತಲುಪುತ್ತಿತ್ತು, ಷಿಕಾಗೋದಿಂದ ಕಳಿಸುವುದಕ್ಕಿಂತ ಎಷ್ಟೋ ಅಗ್ಗವಾಗಿ, ಎಷ್ಟೋ ಬೇಗ. ಅಯೋವಾದ ರೈತರು ತಾವೇ ತಂತಿ ಎಳೆದು ನಡೆಸುತ್ತಿದ್ದ ಸಾಮೂಹಿಕ ದೂರವಾಣಿ ಜಾಲಗಳಿದ್ದವು. ಬೆಳಿಗ್ಗೆ ಫೋನಿನಲ್ಲಿ ಹೇಳಿದ ದಾರ, ಔಷಧಿ, ಯಂತ್ರದ ಬಿಡಿಭಾಗ ಅಂಚೆಯವನ ಮುಂದಿನ ಸುತ್ತಿನಲ್ಲಿ ಮನೆಗೆ ಹೋಗುತ್ತಿತ್ತು. ಒಂದೇ ತಂತಿಗೆ ಹಲವು ಮನೆಗಳು ಜೋಡಿಸಿಕೊಂಡಿದ್ದರಿಂದ ಒಬ್ಬರ ಮಾತನ್ನು ಉಳಿದವರು ಕೇಳಿಸಿಕೊಳ್ಳುವುದು ಸಾಮಾನ್ಯವಾಗಿತ್ತು, ಹಾಗಾಗಿ ಫೋನಿನಲ್ಲಿ ಯಾರ ಬಾಕಿಯ ವಿಷಯವನ್ನೂ ಎತ್ತಕೂಡದೆಂದು ಗುಮಾಸ್ತರಿಗೆ ಕಟ್ಟಪ್ಪಣೆಯಿತ್ತು.

ಇದನ್ನು ಅರೆಗೆಲುವು ಎಂದು ಕರೆದದ್ದಕ್ಕೆ ಕಾರಣವಿದೆ. ಚುಕ್ತಾ ಮಾಡುವ ಗಿರಾಕಿಗಳಲ್ಲಿ ಹಲವರು ಮರಳಿದರು. ಆದರೆ ಇಪ್ಪತ್ತು ವರ್ಷ ಬಾಯಿಮಾತಿನಲ್ಲೇ ವ್ಯವಹಾರ ನಡೆಸಿದ್ದ ಕೆಲವು ಕುಟುಂಬಗಳಿಗೆ ಪ್ರೋನೋಟಿಗೆ ಸಹಿ ಕೇಳಿದ್ದೇ ಅವಮಾನವಾಯಿತು. ಉದ್ರಿ ಅವರಿಗೆ ಸಾಲವಾಗಿರಲಿಲ್ಲ, ನಂಬಿಕೆಯ ಗುರುತಾಗಿತ್ತು. ಅದರ ಮೇಲೆ ಬಡ್ಡಿ ಬರೆದ ದಿನ ಸಂಬಂಧಕ್ಕೇ ಬೆಲೆ ಕಟ್ಟಿದಂತಾಯಿತು. ಲೆಕ್ಕದ ದೃಷ್ಟಿಯಿಂದ ಬಡ್ಡಿ ಮೊದಲೂ ಇತ್ತು, ಈಗ ಕಣ್ಣಿಗೆ ಕಂಡಿತು ಅಷ್ಟೇ. ಆದರೆ ಕಣ್ಣಿಗೆ ಕಾಣದಿರುವುದಕ್ಕೂ ಒಂದು ಬೆಲೆಯುಂಟು, ಮತ್ತು ಅದನ್ನು ಎದುರಿನ ಅಂಗಡಿಯವನು ಕೊಡಲು ಸಿದ್ಧನಿದ್ದ. ಐದಾರು ವರ್ಷ, ಮೊದಲ ಮಹಾಯುದ್ಧದ ಏರುಬೆಲೆಯ ಕಾಲದಲ್ಲಿ, ಅವನ ಅಂಗಡಿಯೇ ಹೆಚ್ಚು ತುಂಬಿರುತ್ತಿತ್ತು. ಆ ವರ್ಷಗಳಲ್ಲಿ ಯಾರಾದರೂ ಬಂದು ಎರಡೂ ಅಂಗಡಿಗಳನ್ನು ನೋಡಿದ್ದರೆ ನಮ್ಮ ಯಜಮಾನನೇ ತಪ್ಪು ಮಾಡಿದನೆಂದು ತೀರ್ಪು ಕೊಡುತ್ತಿದ್ದರು. ಪ್ರಕರಣವೊಂದನ್ನು ಯಾವ ವರ್ಷದಲ್ಲಿ ನಿಂತು ನೋಡುತ್ತೇವೆ ಎಂಬುದರ ಮೇಲೆ ಅದರ ಪಾಠವೇ ತಲೆಕೆಳಗಾಗಬಲ್ಲದು.

1920ರ ಕುಸಿತ

ಯುದ್ಧದ ಬೇಡಿಕೆಯಿಂದ ಏರಿದ್ದ ಧಾನ್ಯದ ದರ 1920ರ ಬೇಸಿಗೆಯ ನಂತರ ಕುಸಿಯಿತು. 1921ರ ಕೊನೆಯ ಹೊತ್ತಿಗೆ ಮೆಕ್ಕೆಜೋಳದ ಬೆಲೆ ಒಂದೂವರೆ ವರ್ಷದ ಹಿಂದಿನದರ ಮೂರನೆಯ ಒಂದು ಭಾಗಕ್ಕಿಂತ ಕೆಳಗಿತ್ತು. ಆ ಚಳಿಗಾಲ ಕಲ್ಲಿದ್ದಲಿಗಿಂತ ಅಗ್ಗವೆಂದು ರೈತರು ಮೆಕ್ಕೆಜೋಳದ ತೆನೆಗಳನ್ನೇ ಒಲೆಗೆ ಹಾಕಿದರು. ಏರುಬೆಲೆಯಲ್ಲಿ ಜಮೀನು ಕೊಂಡವರು ಅಡಮಾನದಡಿ ನಲುಗಿದರು. ಎದುರಿನ ಅಂಗಡಿಯ ಖಾತೆ ಪುಸ್ತಕದಲ್ಲಿದ್ದ ಹಣ ಬರಲೇ ಇಲ್ಲ, 1922ರಲ್ಲಿ ಆ ಅಂಗಡಿಯ ಸರಕು ಹರಾಜಾಯಿತು.

ನಮ್ಮ ಯಜಮಾನನ ನೋಟುಗಳಲ್ಲೂ ಹಲವು ಮುಳುಗಿದವು, ಆದರೆ ಅವನನ್ನು ಹೆಚ್ಚು ನೋಯಿಸಿದ್ದು ದಾಸ್ತಾನು. 1920ರ ಆರಂಭದಲ್ಲಿ, ಬೆಲೆ ಇನ್ನೂ ಏರುತ್ತದೆಂದು ಏಜೆಂಟರು ಹೇಳಿದ್ದನ್ನು ನಂಬಿ, ಅವನು ಜವಳಿಯನ್ನು ಅಗತ್ಯಕ್ಕಿಂತ ಹೆಚ್ಚು ತುಂಬಿಕೊಂಡಿದ್ದ. ಉದ್ರಿಯ ವಿಷಯದಲ್ಲಿ ಕಲಿತ ಎಚ್ಚರ ಖರೀದಿಯ ವಿಷಯಕ್ಕೆ ತಾನಾಗಿ ಹರಿದು ಬರಲಿಲ್ಲ. ಅವನಿಗೆ ಸಮಾಧಾನವಾಗಬಹುದಾದ ಸಂಗತಿಯೆಂದರೆ ಷಿಕಾಗೋದ ದೈತ್ಯನೂ ಅದೇ ಗುಂಡಿಗೆ ಬಿದ್ದಿದ್ದ: ತುಂಬಿಟ್ಟ ಸರಕಿನ ಬೆಲೆ ಇಳಿದು ಸಿಯರ್ಸ್ ಕಂಪನಿ ಮುಳುಗುವ ಹಂತಕ್ಕೆ ಬಂದಾಗ, 1921ರಲ್ಲಿ ಅದರ ಅಧ್ಯಕ್ಷ ಜೂಲಿಯಸ್ ರೋಸೆನ್‌ವಾಲ್ಡ್ ತನ್ನ ಸ್ವಂತ ಆಸ್ತಿಯಿಂದ ಸುಮಾರು 2 ಕೋಟಿ ಡಾಲರ್ ತೊಡಗಿಸಿ ಅದನ್ನು ಉಳಿಸಿದ. ಮುಖ್ಯಬೀದಿಯ ಅಂಗಡಿಗೆ ಅಂಥ ಅಧ್ಯಕ್ಷನಿರಲಿಲ್ಲ. ಹೆಂಡತಿಯ ತವರಿನಿಂದ ಬಂದಿದ್ದ ಒಂದಿಷ್ಟು ಜಮೀನಿತ್ತು, ಅದು ಹೋಯಿತು.

ಆಮೇಲೆ

ಉದ್ರಿಯ ಗಂಟು ಬಿಡಿಸಿಕೊಂಡದ್ದರಿಂದ ಈ ಅಂಗಡಿ ಉಳಿಯಿತೇ ಎಂದು ಕೇಳಿದರೆ, ಐದಾರು ವರ್ಷ ಹೆಚ್ಚು ಉಳಿಯಿತು ಎಂದಷ್ಟೇ ಹೇಳಬಹುದು. 1908ರ ಅಕ್ಟೋಬರಿನಲ್ಲಿ 850 ಡಾಲರಿಗೆ ಮಾರಾಟಕ್ಕೆ ಬಂದಿದ್ದ ಫೋರ್ಡ್‌ನ ಮಾಡೆಲ್ ಟಿ ಕಾರು 1920ರ ದಶಕದ ಮಧ್ಯಕ್ಕೆ 300 ಡಾಲರಿಗಿಂತ ಕೆಳಗಿಳಿದಿತ್ತು. ಬಂಡಿಯ ದೂರಕ್ಕೆ ಲೆಕ್ಕ ಹಾಕಿ ಇಟ್ಟಿದ್ದ ಊರುಗಳ ಅಂತರ ಅರ್ಥ ಕಳೆದುಕೊಂಡಿತು. ಕೆಸರು ರಸ್ತೆಗಳಿಗೆ ಜಲ್ಲಿ ಬಿದ್ದಂತೆಲ್ಲ ರೈತ ಕುಟುಂಬಗಳು ಶನಿವಾರ ಸಂಜೆ ನಮ್ಮ ಊರನ್ನು ದಾಟಿ ಜಿಲ್ಲಾ ಕೇಂದ್ರಕ್ಕೆ ಹೋಗತೊಡಗಿದವು, ಅಲ್ಲಿ ಚಲನಚಿತ್ರ ಮಂದಿರವೂ ಪೆನ್ನಿಯ ಅಂಗಡಿಯೂ ಇದ್ದವು. 1925ರಲ್ಲಿ ಸಿಯರ್ಸ್, ಮರುವರ್ಷ ವಾರ್ಡ್ ತಾವೇ ಅಂಗಡಿಗಳನ್ನು ತೆರೆಯಲು ಶುರುಮಾಡಿದ್ದು, ಇನ್ನು ಮುಂದೆ ರೈತ ಸರಕಿಗಾಗಿ ಕಾಯುವುದಿಲ್ಲ, ಹೋಗಿ ತರುತ್ತಾನೆ ಎಂದು ಅವೂ ಅರಿತದ್ದರಿಂದ. ಇದಕ್ಕೆ ಖಾತೆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ದಂಪತಿಗಳು ಜವಳಿಯನ್ನು ಕೈಬಿಟ್ಟರು. 1926ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಸ್ವತಂತ್ರ ದಿನಸಿ ವ್ಯಾಪಾರಿಗಳ ಕೂಟದಂಥ ಒಕ್ಕೂಟಗಳು ಒಟ್ಟಾಗಿ ಖರೀದಿಸಿ ಸರಣಿ ಅಂಗಡಿಗಳ ಬೆಲೆಗೆ ಸರಕು ಒದಗಿಸುವ ದಾರಿ ತೋರಿಸಿದ್ದವು. ಮಗ ಅಂಥದೊಂದಕ್ಕೆ ಸೇರಲು ಬಯಸಿದ. ತಂದೆ ಒಪ್ಪಲಿಲ್ಲ, ಮತ್ತು ಆ ಹೊತ್ತಿಗೆ ಅವನ ನಿರಾಕರಣೆಗೆ ಲೆಕ್ಕದ ಆಧಾರಕ್ಕಿಂತ ಆಯಾಸದ ಆಧಾರವೇ ಹೆಚ್ಚಿತ್ತೆಂದು ನನಗನ್ನಿಸುತ್ತದೆ. ಕೊನೆಗೆ ಕೆಳ ಅಂತಸ್ತನ್ನು ಒಂದು ಸರಣಿ ಕಂಪನಿಯ ದಿನಸಿ ಅಂಗಡಿಗೆ ಬಾಡಿಗೆಗೆ ಕೊಟ್ಟು, ಅವರು ಮೇಲಂತಸ್ತಿನಲ್ಲಿ ವಾಸಕ್ಕೆ ಹೋದರು. ಕಂಪನಿಯವರು ಹಳೆಯ ಕಟ್ಟೆಯನ್ನು ಕಿತ್ತು ಸರಕನ್ನು ಗಿರಾಕಿಗಳೇ ತೆಗೆದುಕೊಳ್ಳುವಂತೆ ಜೋಡಿಸಿದರು, ಪ್ರತಿ ಡಬ್ಬಿಯ ಮೇಲೂ ಬೆಲೆ ಬರೆದರು. ಮುಂಭಾಗದ ಕಬ್ಬಿಣದ ಕಂಬಗಳನ್ನು ಮಾತ್ರ ಹಾಗೇ ಬಿಟ್ಟು, ಅವುಗಳ ಮೇಲೆ ತಮ್ಮ ಬಣ್ಣ ಬಳಿದರು. ಬಾಡಿಗೆ ಕರಾರನ್ನು ಓದಿ ತಿದ್ದಿದವಳು ಹೆಂಡತಿ. ಬಾಡಿಗೆ ಪ್ರತಿ ತಿಂಗಳ ಮೊದಲ ತಾರೀಖಿಗೆ, ಮುಂಗಡವಾಗಿ, ಎಂದು ಅವಳು ಸೇರಿಸಿದ ಸಾಲಿಗೆ ಕಂಪನಿಯವರು ತಕರಾರಿಲ್ಲದೆ ಒಪ್ಪಿದರು.